ಅತಿಥಿಯ ಸ್ಯಾಕ್ಸೋಫೋನು, ಮನೆಯವರ ತಾಳ: ‘ಜ್ಯೋತಿ’ಯನ್ನು ಮತ್ತೆ ಕೇಳುತ್ತಾ

(ನಮ್ಮ ಕನ್ನಡ ವೇಳೆಯಲ್ಲಿ ಬಿತ್ತರವಾದ ಭಾಷಣದ ಪಠ್ಯ. ಅಂದು ಕೇಳಲಾಗದೆ ಹೋದವರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)



ಈ ಹೊತ್ತಿನಲ್ಲಿ ಸಾಮಾನ್ಯವಾಗಿ ನೀವು ನಮ್ಮಿಂದ ಕೇಳುವುದು ಚಿತ್ರಗೀತೆ, ಭಾವಗೀತೆ, ಹಬ್ಬ ಬಂತೆಂದರೆ ದಾಸರ ಪದ. ಇವತ್ತು ಸ್ವಲ್ಪ ಬೇರೆ ದಾರಿ ಹಿಡಿಯೋಣ. ಒಂದು ಹಳೆಯ ಆಲ್ಬಮ್ ಬಗ್ಗೆ ಮಾತಾಡೋಣ. ಅದರ ಹೆಸರು ‘ಜ್ಯೋತಿ’. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಎಂಬ ಊರಿನ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾದದ್ದು. ಹೊರತಂದದ್ದು ಮ್ಯೂನಿಕ್‌ನ ಇಸಿಎಂ ಕಂಪನಿ. ಆ ಸ್ಟುಡಿಯೋದಲ್ಲಿ ಕೂತು ಹಾಡಿದವರು, ನುಡಿಸಿದವರು ಒಟ್ಟು ಐದು ಜನ. ಅವರಲ್ಲಿ ನಾಲ್ವರು ಬೆಂಗಳೂರಿನವರು! ಗಾಯನ ಮತ್ತು ತಂಬೂರಿಗೆ ಆರ್.ಎ. ರಮಾಮಣಿ, ಮೃದಂಗಕ್ಕೆ ಟಿ.ಎ.ಎಸ್. ಮಣಿ, ಘಟ ಮತ್ತು ಮೋರ್ಚಿಂಗ್‌ಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಐದನೆಯವರು ಅಮೆರಿಕದ ಜಾಝ್ ಕಲಾವಿದ ಚಾರ್ಲಿ ಮರಿಯಾನೊ. ಅವರ ಕೈಯಲ್ಲಿ ಸೊಪ್ರಾನೊ ಸ್ಯಾಕ್ಸೋಫೋನು ಮತ್ತು ಕೊಳಲು.

“ಓ, ಫ್ಯೂಷನ್ನಾ?” ಎಂದು ನಿಮ್ಮಲ್ಲಿ ಕೆಲವರು ಮೂಗು ಮುರಿದಿರಬಹುದು. ಆ ಅನುಮಾನಕ್ಕೆ ಕಾರಣವೂ ಇದೆ. ಎರಡು ಸಂಗೀತವನ್ನು ಒಂದೇ ಪಾತ್ರೆಗೆ ಸುರಿದು ಕಲಕಿದರೆ ಎಷ್ಟೋ ಸಲ ಎರಡರ ರುಚಿಯೂ ಹೋಗುತ್ತದೆ. ಆದರೆ ‘ಜ್ಯೋತಿ’ ಆ ಜಾತಿಯದಲ್ಲ. ಹೇಗೆ ಅಲ್ಲ ಎಂಬುದೇ ಇವತ್ತಿನ ಮಾತು. ಅದನ್ನು ಹೇಳಬೇಕಾದರೆ ಮೊದಲು ತಾಳದ ಲೆಕ್ಕಕ್ಕೆ ಬರಬೇಕು. ಹೆದರಬೇಡಿ, ಬೆರಳು ಮಡಚಿ ಎಂಟರವರೆಗೆ ಎಣಿಸಲು ಬಂದರೆ ಸಾಕು.

ನಮ್ಮ ಎಫ್‌ಎಂ ಕಾಲದ ಮಕ್ಕಳಿಗೆ ಫಂಕ್ ಎಂಬ ಮಾತು ಗೊತ್ತು. ಅಮೆರಿಕದ ಕಪ್ಪು ಜನರ ಸಂಗೀತ ಅದು. 1960ರ ದಶಕದ ನಡುವಿನಿಂದ ಕೊನೆಯವರೆಗೆ ಜೇಮ್ಸ್ ಬ್ರೌನ್ ಎಂಬ ಹಾಡುಗಾರ ಮತ್ತು ಅವರ ತಂಡ ಅದಕ್ಕೆ ಒಂದು ರೂಪ ಕೊಟ್ಟರು. 1967ರಲ್ಲಿ ಬಂದ ಅವರ ‘ಕೋಲ್ಡ್ ಸ್ವೆಟ್’ ಹಾಡನ್ನು ಫಂಕ್‌ನ ಮೊದಲ ಗುರುತುಗಳಲ್ಲಿ ಒಂದೆಂದು ಹೇಳುತ್ತಾರೆ. ಬ್ರೌನ್ ತಮ್ಮ ವಾದಕರಿಗೆ ಹಿಡಿಸಿದ ಪಾಠ ಬಹಳ ಸರಳ. ಎಣಿಕೆಯ ‘ಒಂದು’ ಎಲ್ಲಿದೆಯೋ ಅಲ್ಲಿ ಎಲ್ಲರೂ ಒಟ್ಟಿಗೆ ಬಂದು ಬೀಳಬೇಕು. ನಡುವೆ ಗಿಟಾರು ತನ್ನ ಪಾಡಿಗೆ ಕುಣಿಯಲಿ, ಬೇಸ್ ತನ್ನ ಪಾಡಿಗೆ ಓಡಲಿ, ತುತ್ತೂರಿ ಮಧ್ಯೆ ಮಧ್ಯೆ ಕೂಗಲಿ. ‘ಒಂದು’ ಬಂತೋ, ಎಲ್ಲರೂ ಮನೆಯಲ್ಲಿರಬೇಕು.

ಇದನ್ನು ಕೇಳಿದ ಕೂಡಲೇ ಪುಣೆಯ ಕನ್ನಡಿಗರಿಗೆ ಏನು ನೆನಪಾಗಬೇಕು? ಸಮ್! ಡಿಸೆಂಬರ್ ಚಳಿಯಲ್ಲಿ ಸವಾಯಿ ಗಂಧರ್ವ ಮಹೋತ್ಸವದಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಗಾಯಕರು ತಾನ್ ಎತ್ತಿ ಎಲ್ಲೆಲ್ಲೋ ಸುತ್ತಿ ಬಂದು ಸಮ್ ಮೇಲೆ ಇಳಿದಾಗ ಸಾವಿರಾರು ತಲೆಗಳು ಒಮ್ಮೆಗೇ ತೂಗುತ್ತವೆ. ಕುಂದಗೋಳದ ಗುರುವಿನ ಹೆಸರಿನಲ್ಲಿ ಗದಗ ಜಿಲ್ಲೆಯಲ್ಲಿ ಹುಟ್ಟಿದ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಈ ಊರಿನಲ್ಲಿ ಶುರುಮಾಡಿದ ಉತ್ಸವ ಅದು. ಹಾಗಾಗಿ ‘ಒಂದು’ ಅಂದರೇನು ಎಂದು ನಮ್ಮ ಜನಕ್ಕೆ ಅಮೆರಿಕದಿಂದ ಯಾರೂ ಬಂದು ಹೇಳಬೇಕಿಲ್ಲ.

ಆದರೂ ಒಂದು ವ್ಯತ್ಯಾಸವಿದೆ. ಫಂಕ್‌ನಲ್ಲಿ ‘ಒಂದು’ ಬೇಗ ಬೇಗ ಬರುತ್ತದೆ, ನಾಲ್ಕು ಎಣಿಸುವಷ್ಟರಲ್ಲಿ ಮತ್ತೆ ಬಂತು. ಅದರ ಸುಖವೇ ಆ ಮರಳಿ ಮರಳಿ ಬರುವುದರಲ್ಲಿ. ನಮ್ಮಲ್ಲಿ ಮನೆ ಬಿಟ್ಟು ದೂರ ಹೋಗುತ್ತಾರೆ. ಎಂಟರ ಆದಿತಾಳ ಇರಬಹುದು, ಏಳರ ಮಿಶ್ರಛಾಪು ಇರಬಹುದು, ಐದರ ಖಂಡಛಾಪು ಇರಬಹುದು. ಒಂದು ಆವರ್ತನ, ಎರಡು ಆವರ್ತನ, ನಾಲ್ಕು ಆವರ್ತನ ದಾಟಿಹೋಗಿ, ಕೇಳುವವನಿಗೆ “ಇವರು ದಾರಿ ತಪ್ಪಿದರು” ಎನ್ನಿಸುವ ಹೊತ್ತಿಗೆ, ಒಂದೇ ಜತಿಯನ್ನು ಮೂರು ಸಲ ಹೇಳಿ ಸರಿಯಾಗಿ ಹೊಸ್ತಿಲ ಮೇಲೆ ಕಾಲಿಡುತ್ತಾರೆ. ಹಿಂದುಸ್ತಾನಿಯವರು ತಿಹಾಯಿ ಅನ್ನುತ್ತಾರೆ, ಕರ್ನಾಟಕ ಸಂಗೀತದವರು ಮುಕ್ತಾಯ ಅನ್ನುತ್ತಾರೆ. ‘ಜ್ಯೋತಿ’ಯಲ್ಲಿ ಒಬ್ಬ ಜಾಝ್ ಕಲಾವಿದ ಈ ದೂರದ ದಾರಿಯಲ್ಲಿ ನಮ್ಮವರ ಜೊತೆ ಹೋಗಿ, ಜೊತೆಯಲ್ಲೇ ಹಿಂತಿರುಗುತ್ತಾರೆ.

ಇನ್ನು ಈ ನಾಲ್ವರು ಜರ್ಮನಿಗೆ ಹೋದದ್ದು ಹೇಗೆ?

ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ 1964ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಹೆಸರು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಲಯವಾದ್ಯಗಳಿಗೆಂದೇ ಒಂದು ಕಾಲೇಜು ಎಂಬುದು ಇವತ್ತಿಗೆ ವಿಶೇಷ ಅನ್ನಿಸದೆ ಇರಬಹುದು. ಆ ಕಾಲದ ಕಚೇರಿಯ ಕೂರುವಿಕೆ ನೆನಪಿಸಿಕೊಳ್ಳಿ. ನಡುವೆ ಗಾಯಕರು, ಪಕ್ಕದಲ್ಲಿ ಪಿಟೀಲು, ಇನ್ನೊಂದು ಪಕ್ಕ ಮೃದಂಗ. ಘಟ, ಖಂಜಿರ, ಮೋರ್ಚಿಂಗ್ ಇದ್ದರೆ ಅವಕ್ಕೆ ಹಿಂದಿನ ಸಾಲು, ಅವು ಉಪಪಕ್ಕವಾದ್ಯಗಳು. ತನಿ ಆವರ್ತನ ಎಂದು ಒಂದಿಷ್ಟು ಹೊತ್ತು ಅವರಿಗೂ ಸಿಗುತ್ತಿತ್ತು. ಆದರೆ ನಿಮಗೇ ಗೊತ್ತಲ್ಲ, ತನಿ ಶುರುವಾಯಿತೆಂದರೆ ಸಭೆಯಲ್ಲಿ ಅರ್ಧ ಜನ ಕಾಫಿಗೆ ಎದ್ದು ಹೋಗುವ ರೂಢಿ! ಆ ಎದ್ದು ಹೋಗುವ ಹೊತ್ತನ್ನೇ ಕಚೇರಿಯ ನಟ್ಟನಡುವೆ ತಂದು ಕೂರಿಸುವುದು ಮಣಿಯವರು ಮಾಡಿದ ಕೆಲಸ. ಲಯವಾದ್ಯಗಳೇ ಮುಂದೆ ನಿಂತು ಒಂದು ಕಾರ್ಯಕ್ರಮವನ್ನು ಪೂರ್ತಿ ನಡೆಸಬಲ್ಲವು ಎಂದು ಅವರ ಮೇಳ ತೋರಿಸಿತು.

ಅವರ ಪತ್ನಿ ರಮಾಮಣಿ ಗಾಯಕಿ. ರಾಗದಲ್ಲೂ ತಾಳದಲ್ಲೂ ಒಂದೇ ಸಮನೆ ಹಿಡಿತ ಇರುವವರು. ಈ ಮೇಳದಲ್ಲಿ ಕೊನ್ನಕೋಲೂ ಇತ್ತು. ಕೊನ್ನಕೋಲು ಎಂದರೆ ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು. ನಾಲ್ಕಕ್ಕೆ ತ ಕ ಧಿ ಮಿ, ಮೂರಕ್ಕೆ ತ ಕಿ ಟ, ಐದಕ್ಕೆ ತ ದಿ ಗಿ ಣ ತೊಂ. ಒಂದು ಕಾಲದಲ್ಲಿ ಇದನ್ನು ಬರೀ ಪಾಠದ ಮನೆಯ ಸಾಧನೆ ಎಂದು ಬದಿಗಿಡುತ್ತಿದ್ದರು. ಇವತ್ತು ಲಂಡನ್, ನ್ಯೂಯಾರ್ಕ್‌ಗಳ ಜಾಝ್ ಡ್ರಮ್ ವಾದಕರೂ ಕೂತು ಅಭ್ಯಾಸ ಮಾಡುತ್ತಾರೆ. ಅದು ಅಲ್ಲಿಯವರೆಗೆ ತಲುಪಲು ನೆರವಾದವರಲ್ಲಿ ಬೆಂಗಳೂರಿನ ಈ ಮನೆಯವರೂ ಇದ್ದಾರೆ.

ಅತ್ತ ಜರ್ಮನಿಯ ಮ್ಯೂನಿಕ್‌ನಲ್ಲಿ 1969ರಲ್ಲಿ ಎಂಬ್ರಿಯೊ ಎಂಬ ತಂಡ ಹುಟ್ಟಿತ್ತು. ಜಾಝ್, ರಾಕ್, ಫಂಕ್, ಎಲ್ಲವನ್ನೂ ಬೆರೆಸಿ ನುಡಿಸುವ ಹುಡುಗರು. ಚಾರ್ಲಿ ಮರಿಯಾನೊ 1970ರ ದಶಕದ ಮೊದಲ ವರ್ಷಗಳಲ್ಲಿ ಅವರ ಜೊತೆ ಸೇರಿ ರೆಕಾರ್ಡು ಮಾಡಿದ್ದರು. ಈ ತಂಡ 1978ರಲ್ಲಿ ಬಸ್ಸು ಹತ್ತಿ ನೆಲದ ದಾರಿಯಲ್ಲೇ ಭಾರತಕ್ಕೆ ಬಂತು, ದಾರಿಯುದ್ದಕ್ಕೂ ಸ್ಥಳೀಯ ಕಲಾವಿದರ ಜೊತೆ ನುಡಿಸುತ್ತಾ. ಆ ವರ್ಷಗಳಲ್ಲಿ ಯುರೋಪಿನಿಂದ ಬಂದವರನ್ನು ಪುಣೆಯ ಹಿರಿಯರೂ ಕೋರೆಗಾಂವ್ ಪಾರ್ಕಿನಲ್ಲಿ ಕಂಡಿದ್ದಾರೆ. ಡಾಯ್ಟರ್ ಎಂಬ ಜರ್ಮನ್ ಸಂಗೀತಗಾರ ಇಲ್ಲಿನ ಆಶ್ರಮದಲ್ಲೇ ವರ್ಷಗಟ್ಟಲೆ ಇದ್ದು ಧ್ವನಿಮುದ್ರಣ ಮಾಡಿದವರು. ಬಂದವರಲ್ಲಿ ಎಲ್ಲ ಬಗೆಯವರೂ ಇದ್ದರು. ಕೆಲವರಿಗೆ ಬೇಕಾದದ್ದು ಸಿತಾರಿನ ಒಂದು ಝೇಂಕಾರ, ಊದುಬತ್ತಿಯ ಒಂದು ವಾಸನೆ. ಕೆಲವರು ಮಾತ್ರ ಕೆಳಗೆ ಕೂತು, ಕೈಯಲ್ಲಿ ತಾಳ ಹಾಕುತ್ತಾ ಮೊದಲಿನಿಂದ ಕಲಿತರು.

ಎಂಬ್ರಿಯೊ ಜೊತೆಗೂ ಬೆಂಗಳೂರಿನ ಈ ಕಲಾವಿದರು ನುಡಿಸಿದರು. ಆ ತಂಡದಿಂದ ಹೊರಬಂದವರು 1981ರಲ್ಲಿ ಡಿಸಿಡೆಂಟನ್ ಎಂಬ ಇನ್ನೊಂದು ತಂಡ ಕಟ್ಟಿ, 1982ರಲ್ಲಿ ತಮ್ಮ ಮೊದಲ ಆಲ್ಬಮ್ ತಂದರು. ಅದರ ಹೆಸರೇ ಒಂದು ತಮಾಷೆ: ‘ಜರ್ಮನಿಸ್ತಾನ್’! ಅದರಲ್ಲೂ ಮರಿಯಾನೊ ಇದ್ದರು, ಕರ್ನಾಟಕ ಕಾಲೇಜಿನವರೂ ಇದ್ದರು. ಅಲ್ಲಿ ಕಟ್ಟಿದ್ದು ರಾಕ್ ತಂಡದ ಅಡಿಪಾಯ. ಮನೆ ಅವರದು, ನಮ್ಮವರು ಹೋದ ಅತಿಥಿಗಳು. ಮರುವರ್ಷವೇ ಬಂದ ‘ಜ್ಯೋತಿ’ಯಲ್ಲಿ ಇದು ತಿರುಗುಮುರುಗಾಯಿತು. ಮನೆ ನಮ್ಮದು, ಅತಿಥಿ ಮರಿಯಾನೊ.

ಈ ಅತಿಥಿ ಸಾಮಾನ್ಯರೇನಲ್ಲ. 1923ರಲ್ಲಿ ಬಾಸ್ಟನ್‌ನಲ್ಲಿ ಇಟಲಿಯಿಂದ ವಲಸೆ ಬಂದವರ ಮನೆಯಲ್ಲಿ ಹುಟ್ಟಿದವರು. ಚಾರ್ಲ್ಸ್ ಮಿಂಗಸ್ ಅವರ 1963ರ ಹೆಸರಾಂತ ಆಲ್ಬಮ್ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ಆಲ್ಟೊ ಸ್ಯಾಕ್ಸೋಫೋನ್ ನುಡಿಸಿದ ಜಾಝ್ ದಿಗ್ಗಜ. ಬರ್ಕ್ಲಿ ಸಂಗೀತ ಶಾಲೆಯಲ್ಲಿ ಪಾಠ ಹೇಳಿದವರು. ಆಮೇಲೆ ನಾಗಸ್ವರದ ಮೋಹಕ್ಕೆ ಬಿದ್ದು ದಕ್ಷಿಣ ಭಾರತಕ್ಕೆ ಬಂದು ಅದನ್ನು ಕಲಿತರು. ‘ಜ್ಯೋತಿ’ಗೆ ಕೂತಾಗ ಅವರಿಗೆ 59 ವರ್ಷ. ಆ ವಯಸ್ಸಿನಲ್ಲಿ, ಅಷ್ಟು ಹೆಸರು ಮಾಡಿದ ಮೇಲೆ, ಬೇರೆಯವರ ಲೆಕ್ಕಕ್ಕೆ ಕಿವಿಗೊಟ್ಟು ಕೂರುವುದು ಸುಲಭವಲ್ಲ, ಬಂಧುಗಳೇ.

ಈಗ ಆಲ್ಬಮ್ಮಿಗೆ ಬರೋಣ. ಒಟ್ಟು ಆರು ರಚನೆಗಳಿವೆ: ‘ವಾಯ್ಸ್ ಸೋಲೊ’, ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’, ‘ಭಜನ್’. ಮೊದಲನೆಯದು ಹೆಸರೇ ಹೇಳುವ ಹಾಗೆ ರಮಾಮಣಿಯವರ ಒಂಟಿ ದನಿ. ಇದನ್ನು ಗಮನಿಸಿ. ಲೋಕಪ್ರಸಿದ್ಧ ಜಾಝ್ ಕಲಾವಿದನ ಹೆಸರು ಹೊತ್ತ ಆಲ್ಬಮ್ಮು, ಬಾಗಿಲು ತೆಗೆಯುವುದು ಮಾತ್ರ ಮನೆಯೊಡತಿ. ಕೇಳುವವರಿಗೆ ಮೊದಲು ಶ್ರುತಿ ಯಾವುದು, ಈ ಮನೆಯ ಗಾಳಿ ಎಂಥದು ಎಂದು ಗೊತ್ತಾಗಬೇಕು. ಆಮೇಲೆ ಅತಿಥಿ ಒಳಗೆ ಬರುತ್ತಾರೆ.

ಬಂದ ಮೇಲೆ ಅವರು ಏನು ಮಾಡುತ್ತಾರೆ ಎಂಬುದು ಮುಖ್ಯ. ಈ ಆಲ್ಬಮ್ಮಿನಲ್ಲಿ ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಬೇಸ್ ಇಲ್ಲ, ಡ್ರಮ್ ಸೆಟ್ ಇಲ್ಲ. ಜಾಝ್ ವಾದಕ ಒರಗಿಕೊಳ್ಳುವ ಗೋಡೆಗಳೇ ಇವು. ಕಾರ್ಡುಗಳ ನಡೆ ಕೆಳಗಿದ್ದರೆ ಅದರ ಮೇಲೆ ಅವರು ಸ್ವರ ಕಟ್ಟುತ್ತಾರೆ. ಇಲ್ಲಿ ಕೆಳಗೆ ಇರುವುದು ಒಂದೇ ಶ್ರುತಿ, ಮತ್ತು ಲಯ. ಹಾಗಾಗಿ ಮರಿಯಾನೊ ಹಾಡುವವರ ಹಾಗೆ ನುಡಿಸಬೇಕಾಯಿತು. ರಮಾಮಣಿಯವರ ದನಿಯ ಜೊತೆ ಒಂದೇ ಸಾಲನ್ನು ಹಿಡಿದು ನಡೆಯುವಾಗ ಎರಡೂ ಸೇರಿ ಮೂರನೆಯ ದನಿಯೊಂದು ಕೇಳಿಸಿದ ಹಾಗಾಗುತ್ತದೆ. ಬಿಟ್ಟು ನುಡಿಸುವಾಗ ಅವರದು ಶುದ್ಧ ಜಾಝ್ ಉಸಿರು. ಆ ಸ್ವಲ್ಪ ಒಡೆದ, ಸ್ವಲ್ಪ ಅಳುವಂಥ ನಾದ ಅವರು ಬಾಸ್ಟನ್‌ನಿಂದ ತಂದದ್ದು. ಅದನ್ನು ಅವರು ಬದಲಿಸಿಕೊಳ್ಳಲಿಲ್ಲ. ನಾಗಸ್ವರದಂತೆ ನಟಿಸಲಿಲ್ಲ. ಬದಲಾಗಿದ್ದು ಎಣಿಕೆ ಮಾತ್ರ. ದನಿ ತನ್ನದು, ಲೆಕ್ಕ ಮನೆಯವರದು.

ಮನೆಯವರೂ ಅಷ್ಟೇ. ಅತಿಥಿಗೆ ಕಷ್ಟವಾದೀತೆಂದು ತಾಳವನ್ನು ಕುಗ್ಗಿಸಿ ಸುಲಭ ಮಾಡಲಿಲ್ಲ. ಘಟ, ಖಂಜಿರ, ಮೃದಂಗಗಳ ಮಾತುಕತೆ ತನ್ನ ಪೂರ್ಣ ವಿಸ್ತಾರದಲ್ಲೇ ಇದೆ. ಖಂಜಿರ ಎಂದರೆ ಅಂಗೈಯಗಲದ ಮರದ ಬಳೆಗೆ ಉಡದ ಚರ್ಮ ಬಿಗಿದು ಮಾಡುತ್ತಿದ್ದ ವಾದ್ಯ. ಅದರಿಂದ ಡೊಳ್ಳಿನಷ್ಟು ಆಳದ ನಾದ ಹೊರಡುವುದನ್ನು ಕೇಳಿದರೆ ನಂಬಲಾಗುವುದಿಲ್ಲ. ಬೇಸ್ ಗಿಟಾರ್ ಇಲ್ಲದ ಕೊರತೆ ಗೊತ್ತೇ ಆಗದಂತೆ ಮಾಡುವುದು ಆ ಪುಟ್ಟ ವಾದ್ಯ. ಫಂಕ್ ಕೇಳಿ ಬೆಳೆದ ನಿಮ್ಮ ಮಗನಿಗೋ ಮಗಳಿಗೋ ಇದನ್ನು ಕೇಳಿಸಿ ನೋಡಿ. ಕಾಲು ತಾನಾಗಿಯೇ ಅಲುಗಾಡುತ್ತದೆ.

ಎಲ್ಲವೂ ಚಿನ್ನ ಎಂದು ಹೇಳಿ ನಿಮ್ಮನ್ನು ಕಳಿಸಿಬಿಡುವುದಿಲ್ಲ. ಇಸಿಎಂ ಕಂಪನಿಯ ಧ್ವನಿಮುದ್ರಣಕ್ಕೆ ಒಂದು ಸ್ವಭಾವವಿದೆ. ಎಲ್ಲ ವಾದ್ಯಗಳ ಸುತ್ತ ವಿಶಾಲವಾದ ಮೌನ, ದೊಡ್ಡ ಹಜಾರದಲ್ಲಿ ದನಿ ತೇಲಿಬಂದ ಹಾಗೆ. ದನಿಗೂ ಸ್ಯಾಕ್ಸೋಫೋನಿಗೂ ಅದು ಒಪ್ಪುತ್ತದೆ. ಘಟದ ವಿಷಯದಲ್ಲಿ ನನಗೆ ಅಷ್ಟು ಒಪ್ಪಿಗೆಯಿಲ್ಲ. ರಾಮನವಮಿಯ ಪೆಂಡಾಲಿನಲ್ಲಿ ಮೂರನೇ ಸಾಲಿನಲ್ಲಿ ಕೂತು ಘಟ ಕೇಳಿದವರಿಗೆ ಆ ಮಣ್ಣಿನ ಒರಟು, ವಾದಕರ ಉಂಗುರದ ಟಕ್ ಎಂಬ ಸದ್ದು ಬೇಕು. ಇಲ್ಲಿ ಎಲ್ಲ ತೊಳೆದು ಒರೆಸಿ ಇಟ್ಟ ಹಾಗಿದೆ. ಒಂದೆರಡು ಕಡೆ ಸ್ಯಾಕ್ಸೋಫೋನು ರಾಗದ ಅಂಚಿನಲ್ಲಿ ಸುಮ್ಮನೆ ಅಡ್ಡಾಡುತ್ತದೆ ಎಂದೂ ಅನ್ನಿಸುತ್ತದೆ. ಆದರೆ ಲಯದಿಂದ ಮಾತ್ರ ಅದು ಎಲ್ಲೂ ಜಾರುವುದಿಲ್ಲ.

ಸ್ಯಾಕ್ಸೋಫೋನು ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವ ಹೆಸರು ಕದ್ರಿ ಗೋಪಾಲನಾಥ್. ದಕ್ಷಿಣ ಕನ್ನಡದ ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕಂಡು ಮನಸೋತು, ವರ್ಷಗಟ್ಟಲೆ ಸಾಧನೆ ಮಾಡಿ, ಕೀಲಿಗಳ ವಾದ್ಯದಲ್ಲಿ ಗಮಕ ಹೊರಡಿಸಿದವರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆ ನುಡಿಸಿ ಬೆರಗು ಹುಟ್ಟಿಸಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದವರೆಗೂ ಹೋದರು. 2019ರಲ್ಲಿ ತೀರಿಕೊಂಡರು. ಗಮನಿಸಿ: ಕದ್ರಿಯವರು ಪರದೇಶದ ವಾದ್ಯವನ್ನು ಮನೆಗೆ ತಂದು ನಮ್ಮ ಭಾಷೆ ಕಲಿಸಿದರು. ಮರಿಯಾನೊ ಅದೇ ವಾದ್ಯ ಹಿಡಿದು ಹೊರಗಿನಿಂದ ಬಂದು ನಮ್ಮ ಭಾಷೆ ಕಲಿತರು. ಒಬ್ಬರ ಮಾತಿನಲ್ಲಿ ಉಚ್ಚಾರ ಪೂರ್ತಿ ನಮ್ಮದು, ಇನ್ನೊಬ್ಬರ ಮಾತಿನಲ್ಲಿ ಪರಊರಿನ ಎಳೆ ಉಳಿದಿದೆ. ಎರಡೂ ಚಂದವೇ.

ಇನ್ನು ಒಂದು ಮಾತು, ಸ್ವಲ್ಪ ಮನಸ್ಸಿಗೆ ತಾಗುವಂಥದು. ಈ ಆಲ್ಬಮ್ಮಿನ ಮೇಲೆ ಮೊದಲು ಬರುವ ಹೆಸರು ಮರಿಯಾನೊ ಅವರದು, ಅದರ ನಂತರ ಕಾಲೇಜಿನದು. ವಿದೇಶದ ರೆಕಾರ್ಡು ಅಂಗಡಿಯಲ್ಲಿ ಇದು ಕೂತದ್ದು ಜಾಝ್ ಕಪಾಟಿನಲ್ಲಿ, ಮರಿಯಾನೊ ಹೆಸರಿನ ಕೆಳಗೆ. ಅತಿಥಿಯದೇನೂ ತಪ್ಪಿಲ್ಲ. ಮಾರಾಟದ ಲೆಕ್ಕ ಹಾಗಿರುತ್ತದೆ, ಕೊಳ್ಳುವವರಿಗೆ ಗೊತ್ತಿದ್ದ ಹೆಸರು ಅದು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಹತ್ತೇ ವರ್ಷವಾಗಿದ್ದಾಗ ಆ ಹೆಸರು ಜರ್ಮನಿಯ ಆಲ್ಬಮ್ಮೊಂದರ ಮುಖದ ಮೇಲೆ ಅಚ್ಚಾಯಿತು ಎಂದು ಹೆಮ್ಮೆ ಪಡೋಣ. ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ಹೊರಗಿನವರು ಮರಿಯಾನೊ ಹೆಸರಿನಲ್ಲಾದರೂ ಇದನ್ನು ಕಾಪಾಡಿಕೊಂಡರು. ನಾವು ರಮಾಮಣಿಯವರ ಹೆಸರಿನಲ್ಲಿ, ಮಣಿಯವರ ಹೆಸರಿನಲ್ಲಿ ಕಾಪಾಡಿಕೊಂಡೆವೇ? ಕನ್ನಡದ ಧ್ವನಿಮುದ್ರಿಕೆಗಳ ಮಾತು ಬಂದರೆ ಚಿತ್ರಗೀತೆ, ಭಾವಗೀತೆ, ದೇವರನಾಮಗಳ ಪಟ್ಟಿ ಎಲ್ಲರ ಬಾಯಲ್ಲೂ ಇದೆ. ಆ ಪಟ್ಟಿಯಲ್ಲಿ ‘ಜ್ಯೋತಿ’ಯನ್ನು ಸೇರಿಸಿ ಹೇಳಿದವರನ್ನು ನಾನು ಕಂಡಿಲ್ಲ. ಹಾಡಿನ ಮಾತು ಕನ್ನಡವಿರದಿದ್ದರೆ ಅದು ನಮ್ಮದಲ್ಲ ಎಂದುಕೊಂಡೆವೋ ಏನೋ. ತ ಕ ಧಿ ಮಿ ಯಾವ ಭಾಷೆ ಹೇಳಿ?

ಇದನ್ನು ಪುಣೆಯಲ್ಲಿ ಕೂತು ಕೇಳುವುದಕ್ಕೆ ಒಂದು ವಿಶೇಷ ಅರ್ಥವಿದೆ. ನಾವೂ ಇಲ್ಲಿ ಅತಿಥಿಗಳು. ಕೆಲವರು ನಿನ್ನೆ ಮೊನ್ನೆ ಹಿಂಜವಡಿಯ ಕಂಪನಿಗೆ ಬಂದವರು, ಕೆಲವರು ಅಜ್ಜನ ಕಾಲದಿಂದ ಪೇಟೆಯಲ್ಲಿ ಮನೆ ಮಾಡಿಕೊಂಡವರು. ಹೊರಗೆ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್, ಮಕ್ಕಳ ಆಟದಲ್ಲಿ ಹಿಂದಿ. ಊರಿನ ತಾಳಕ್ಕೆ ಹೆಜ್ಜೆ ಹಾಕದಿದ್ದರೆ ಬದುಕು ನಡೆಯುವುದಿಲ್ಲ, ಹಾಕಬೇಕು, ಸಂತೋಷವಾಗಿಯೇ ಹಾಕಬೇಕು. ಆದರೆ ದನಿ? “ಮಗೂ, ಮನೆಯಲ್ಲಿ ಕನ್ನಡ ಮಾತಾಡು” ಎಂದು ಹೇಳಿ ಹೇಳಿ ಸೋತ ತಾಯಂದಿರ ಪತ್ರಗಳು ನಮ್ಮ ಈ ಕಾರ್ಯಕ್ರಮಕ್ಕೆ ಬರುತ್ತಲೇ ಇರುತ್ತವೆ. ಅವರಿಗೆ ನಾನು ಮರಿಯಾನೊ ಅವರನ್ನು ತೋರಿಸುತ್ತೇನೆ. ಇನ್ನೊಬ್ಬರ ಮನೆಯ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸಿಯೂ ಬಾಸ್ಟನ್ನಿನ ಉಸಿರು ಬಿಡದ ಮನುಷ್ಯ ಅವರು. ಮನೆ ಕೊಟ್ಟವರೂ “ನಿನ್ನ ದನಿ ಬಿಟ್ಟು ಬಾ” ಎನ್ನಲಿಲ್ಲ.

ಮರಿಯಾನೊ 2009ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ತೀರಿಕೊಂಡರು. ಕಡೆಯ ದಶಕಗಳವರೆಗೂ ಬೆಂಗಳೂರಿನ ಈ ಸಂಸಾರದ ಜೊತೆ ಅವರ ನಂಟು ಉಳಿದಿತ್ತು, ಜೊತೆಯಾಗಿ ಇನ್ನೂ ಧ್ವನಿಮುದ್ರಣಗಳಾದವು. ಟಿ.ಎ.ಎಸ್. ಮಣಿಯವರು 2020ರಲ್ಲಿ ನಮ್ಮನ್ನು ಅಗಲಿದರು. ಒಂದು ಸಲದ ಪ್ರಯೋಗಕ್ಕೆಂದು ಸೇರಿ ಚೆದುರಿಹೋದ ಎಷ್ಟೋ ಫ್ಯೂಷನ್ ತಂಡಗಳ ನಡುವೆ ಇದೊಂದು ಸ್ನೇಹ ಬಾಳಿತು.

ಇಸಿಎಂ ಕಂಪನಿ 2017ರಲ್ಲಿ ತನ್ನ ಸಂಗ್ರಹವನ್ನು ಇಂಟರ್‌ನೆಟ್ಟಿನ ಸಂಗೀತ ಸೇವೆಗಳಿಗೆ ತೆರೆದಿಟ್ಟಿತು. ಹಾಗಾಗಿ ನೀವು ಜರ್ಮನಿಯ ಅಂಗಡಿ ಹುಡುಕಬೇಕಿಲ್ಲ. ಮರಿಯಾನೊ ಹೆಸರಿನ ಜೊತೆ ‘ಜ್ಯೋತಿ’ ಎಂದು ಬರೆದು ಹುಡುಕಿ ನೋಡಿ. ಕೇಳುವಾಗ ಒಂದು ಕೆಲಸ ಮಾಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಆದಿತಾಳ ಹಾಕುವುದನ್ನು ಹೇಳಿಕೊಡಿ. ತೊಡೆಯ ಮೇಲೆ ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ. ಮತ್ತೆ ಪೆಟ್ಟು, ಅಂಗೈ ಮೇಲಕ್ಕೆ. ಮತ್ತೆ ಪೆಟ್ಟು, ಅಂಗೈ ಮೇಲಕ್ಕೆ. ಎಂಟಾಯಿತು. ಕೈ ಪಳಗಿದ ಮೇಲೆ ಆಲ್ಬಮ್ ಹಾಕಿ. ಪ್ರತಿಯೊಂದು ರಚನೆಗೂ ಇದೇ ತಾಳ ಹೊಂದುವುದಿಲ್ಲ, ಹೊಂದದಿದ್ದಾಗ ಎಷ್ಟಕ್ಕೆ ಮರಳುತ್ತಿದೆ ಎಂದು ಅವರೇ ಹುಡುಕಲಿ. ಐದೋ, ಏಳೋ, ಎಂಟೋ? ಅದೇ ಒಂದು ಆಟ.

ಇವತ್ತಿನ ಮಾತು ಮುಗಿಯಿತು. ಇನ್ನು ಐದು ನಿಮಿಷ ನಾನು ಸುಮ್ಮನಿರುತ್ತೇನೆ. ರಮಾಮಣಿಯವರ ದನಿ ಕೇಳಿ. ಕೇಳಿದ ಮೇಲೆ ನಿಮಗೆ ಏನನ್ನಿಸಿತು, ನಾಲ್ಕು ಸಾಲು ಬರೆದು ಕಳಿಸಿ. ಹಿಡಿಸಲಿಲ್ಲ ಎಂದಾದರೆ ಅದನ್ನೂ ಬರೆಯಿರಿ, ಸಂಕೋಚ ಬೇಡ.